ಲಾವಣಿ ಇಲ್ಲ ಎಂದ ದಿನ

ನಾನು ಹಾವಿಗೆ ಹೆದರುವವಳಲ್ಲ. ಎರೆ ಹೊಲದಲ್ಲೇ ಬೆಳೆದವಳು, ಬಿರುಕಿನಲ್ಲಿ ಹಾವು ಕಂಡರೆ ದಾರಿ ಬಿಟ್ಟು ನಿಲ್ಲುತ್ತೇನೆ, ಅಷ್ಟೇ. ಆದರೆ ಕೈಯಲ್ಲಿ ಟ್ಯಾಬ್ ಹಿಡಿದು ಬದುವಿನ ಮೇಲೆ ನಡೆದುಬಂದ ಆ ಹುಡುಗಿಯನ್ನು ಕಂಡು ನನ್ನ ಎದೆ ಧಸಕ್ಕೆಂದಿತು.

ಹುಬ್ಬಳ್ಳಿ ಹತ್ತಿರದ ಗಬ್ಬೂರಿನ ಆಚೆ, ಬೈಪಾಸ್ ದಾಟಿದರೆ ನಮ್ಮ ಊರು. ನಮಗೆ ಸ್ವಂತದ್ದು ಒಂದೇ ಎಕರೆ. ನಮ್ಮ ಹೊಟ್ಟೆ ತುಂಬಿಸುವುದು ಪಕ್ಕದ ನಾಲ್ಕು ಎಕರೆ. ಅದು ಧಾರವಾಡದಲ್ಲಿರುವ ನಿವೃತ್ತ ಗುಮಾಸ್ತರೊಬ್ಬರದು. ವರ್ಷಕ್ಕಿಷ್ಟೆಂದು ಅವರಿಗೆ ಕೊಟ್ಟು ನಾವು ಉಳುತ್ತೇವೆ. ನಮ್ಮ ಕಡೆ ಇದಕ್ಕೆ ಲಾವಣಿ ಎನ್ನುತ್ತಾರೆ. ಯುಗಾದಿಯ ದಿನ ಬಾಯಿಮಾತಿನಲ್ಲೇ ಮುಗಿಯುವ ವ್ಯವಹಾರ, ಕಾಗದವಿಲ್ಲ, ಸಾಕ್ಷಿಯಿಲ್ಲ.

ನನ್ನ ತವರು ನವಲಗುಂದದ ಕಡೆ. ಅಲ್ಲಿ ಹೊಲ ಬೇಕಾದಷ್ಟು ಇದ್ದವರೇ ಟ್ರ್ಯಾಕ್ಟರ್ ಸುಮ್ಮನೆ ನಿಲ್ಲಬಾರದೆಂದು ಮತ್ತೊಬ್ಬರದನ್ನೂ ಲಾವಣಿಗೆ ಹಿಡಿಯುತ್ತಾರೆ. ತಂಗಿಯನ್ನು ಕೊಟ್ಟ ಕಲಘಟಗಿ ಕಡೆ ತುಂಡು ಗದ್ದೆಗಳು, ಭತ್ತದಲ್ಲಿ ಅರ್ಧ ಪಾಲು. ನಮ್ಮೂರಲ್ಲಿ ಪಟ್ಟಣದ ನೌಕರಿ ಹಿಡಿದವರು ಹೊಲ ಕೊಡುತ್ತಾರೆ, ನಮ್ಮಂಥ ಚೂರು ಹೊಲದವರೂ ಟ್ರ್ಯಾಕ್ಟರಿನವರೂ ಅದಕ್ಕೆ ಜಗ್ಗಾಡುತ್ತಾರೆ. ಸರಕಾರದವರು ಬಂದು ಕೇಳಿದರೆ ಮಾತ್ರ ಮೂರೂ ಕಡೆ ಜವಾಬು ಒಂದೇ: ಲಾವಣಿ? ನಮ್ಮೂರಾಗ ಇಲ್ಲರಿ.

ಹೊಲ ಲಾವಣಿಗೆ ಕೊಡುವುದನ್ನು ಕಾನೂನು ಒಪ್ಪುವುದಿಲ್ಲ. ಹಿಂದೆ ಸರಕಾರ ಉಳುವವನಿಗೇ ಭೂಮಿ ಎಂದಾಗ ಗುಮಾಸ್ತರ ತಂದೆ ಒಂದು ಹೊಲ ಕಳೆದುಕೊಂಡಿದ್ದರಂತೆ. ಸುಳ್ಳೇಕೆ ಹೇಳಲಿ, ನಮ್ಮ ಒಂದೆಕರೆಯೂ ಮಾವನಿಗೆ ಹಾಗೇ ಬಂದದ್ದು, ಬೇರೊಬ್ಬರಿಂದ. ಅದಕ್ಕೇ, ಉಳುವವರು ಹೊಲದ ಹಕ್ಕು ಕೇಳಿಯಾರೆಂದು, ಮಾಲಕರು ಒಬ್ಬರನ್ನೇ ಬಹಳ ವರ್ಷ ಇಟ್ಟುಕೊಳ್ಳುವುದಿಲ್ಲ, ಎರಡು ಮೂರು ವರ್ಷಕ್ಕೆ ಬದಲಿಸುತ್ತಾರೆ. ನಾವು ಮಾತ್ರ ಮಗಳು ಅಂಗನವಾಡಿಗೆ ಹೋಗುವಾಗಿನಿಂದ ಕಾಲೇಜು ಸೇರುವವರೆಗೂ ಅದೇ ಹೊಲದಲ್ಲಿದ್ದೆವು. ಊರವರು ನಿಮ್ಮ ನಸೀಬು ಎನ್ನುತ್ತಿದ್ದರು. ನಾನು ಪ್ರತಿ ಯುಗಾದಿಗೂ ಒಳಗೊಳಗೇ ನಡುಗುತ್ತಿದ್ದೆ.

ಆ ದಿನ ಹೆಸರಿನ ಬೆಳೆಯಲ್ಲಿ ಕಳೆ ತೆಗೆಯುತ್ತಿದ್ದೆ. ಗಂಡ ಗೊಬ್ಬರಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದ. ಬೆಳೆ ನೋಡಲು ಬಂದಿದ್ದ ಗುಮಾಸ್ತರು ಬೇವಿನ ನೆರಳಲ್ಲಿ ಕೂತಿದ್ದರು.

"ಸರ್ವೇಕ್ಕ ಬಂದೇನ್ರಿ ಅಕ್ಕಾರ," ಎಂದಳು ಹುಡುಗಿ. "ಯಾರ್ ಎಷ್ಟ್ ಎಕರೆ ಸ್ವಂತ ಮಾಡ್ತಾರ, ಎಷ್ಟ್ ಲಾವಣಿ ಅಂತ ಬರ್ಕೊಳ್ಳಾಕತ್ತೇನಿ. ಈ ಹೊಲ ನೀವ ಮಾಡ್ತೀರೇನ್ರಿ?"

ಪಾಪ, ಮರದ ಕೆಳಗೆ ಕೂತವರು ಯಾರೆಂದು ಆಕೆಗೇನು ಗೊತ್ತು! ಹೌದೆಂದರೆ ಬರುವ ಯುಗಾದಿಗೆ ಹೊಲ ಟ್ರ್ಯಾಕ್ಟರಿನವರ ಪಾಲು. ಗುಮಾಸ್ತರು ಎದ್ದು ನಿಂತಿದ್ದರು.

"ಇಲ್ರಿ, ಹೊಲ ಈ ಕಾಕಾರದು. ನಾ ಕೂಲಿಯಾಕಿ," ಎಂದೆ.

"ಎಷ್ಟ್ ವರ್ಷದಿಂದ ಬರ್ತೀರಿ?"

"ಇವತ್ತ ಬಂದೇನ್ರಿ."

ಹುಡುಗಿ ನನ್ನ ಮುಖ ನೋಡಿದಳು. ಬದುವಿನ ಮೇಲೆ ಮೇಯುತ್ತಿದ್ದ ನಮ್ಮ ಎತ್ತುಗಳನ್ನು, ಟೊಂಗೆಗೆ ನೇತುಹಾಕಿದ್ದ ಗಂಡನ ಹಳೇ ಅಂಗಿಯನ್ನು ನೋಡಿದಳು. ಆಮೇಲೆ ಟ್ಯಾಬಿನ ಮೇಲೆ ಏನೋ ಒತ್ತಿ, ಸುಮ್ಮನೆ ಮುಂದಿನ ಹೊಲಕ್ಕೆ ಹೋದಳು.

"ಛಲೋ ಹೇಳಿದಿ ತಂಗಿ," ಎಂದರು ಗುಮಾಸ್ತರು. ನಾನು ಮತ್ತೆ ಕಳೆಗೆ ಬಗ್ಗುವಷ್ಟರಲ್ಲಿ ಅವರು ಜೇಬಿನಿಂದ ಫೋನ್ ತೆಗೆದರು. "ಇದ ಮಾತ ಇನ್ನೊಮ್ಮಿ ಹೇಳು, ವಿಡಿಯೋದಾಗ ಇರ್ಲಿ. ನಿನ್ನ ಮ್ಯಾಲ ನನಗ ಸಂಶೆ ಇಲ್ಲವಾ. ನಾಳೆ ಯಾರರ ನಿಮ್ಮ ತಲಿ ಕೆಡಿಸಿದ್ರ?"

ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಚಿಗೆಯನ್ನು ಅಲ್ಲೇ ಬಿಸಾಕಿ ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಫೋನ್ ಹಿಡಿದ ಅವರು ಆ ಹುಡುಗಿ ಹೋದ ದಾರಿಯನ್ನೇ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದರು. ಅಷ್ಟು ಹೆದರಿದ ಮನುಷ್ಯ ಏನು ಬೇಕಾದರೂ ಮಾಡಿಯಾನು ಎಂದು ನನಗೆ ಇನ್ನಷ್ಟು ಭಯವಾಯಿತು. ಸೆರಗು ಸರಿಮಾಡಿಕೊಂಡು, ಈ ಹೊಲದಲ್ಲಿ ನನಗೆ ಯಾವ ಹಕ್ಕೂ ಇಲ್ಲ ಎಂದು ಹೇಳಿದೆ. ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಿಸಿದರು.

ಆ ವರ್ಷ ಹೆಸರು ಚೆನ್ನಾಗಿ ಬಂತು, ಹಿಂಗಾರಿಗೆ ಕಡಲೆಯೂ ಬಂತು. ಯುಗಾದಿಗೆ ಲಾವಣಿಯ ಮಾತಾಡಲು ನಾನೂ ಮಗಳೂ ಧಾರವಾಡಕ್ಕೆ ಹೋದೆವು. ಗುಮಾಸ್ತರ ಹೆಂಡತಿ ಚಹಾ ಕೊಟ್ಟರು, ಮಗಳ ಓದಿನ ಬಗ್ಗೆ ಅಕ್ಕರೆಯಿಂದ ವಿಚಾರಿಸಿದರು. ಹೊಲ ನಮಗೇ ಎಂದಾಯಿತು. ಗುಮಾಸ್ತರು ಫೋನ್ ತೆಗೆದರು, ನಾನು ಹೇಳಬೇಕಾದ್ದನ್ನು ಹೇಳಿ ಮುಗಿಸಿದೆ. ಆಗ ಅವರು ಫೋನನ್ನು ಮಗಳ ಕಡೆ ತಿರುಗಿಸಿದರು.

"ನೀನೂ ಹೇಳಿಬಿಡವಾ. ನಾಳೆ ನಿಮ್ಮ ಕಾಲ ಬರ್ತೈತಿ."

ಮಗಳು ತುಟಿ ಬಿಗಿಹಿಡಿದು ನನ್ನ ಕಡೆ ನೋಡಿದಳು. ಎಲ್ಲಿ ಹೇಳುವುದಿಲ್ಲ ಎಂದುಬಿಡುತ್ತಾಳೋ ಎಂದು ಹೆದರಿದೆ.

"ಹೇಳವಾ," ಎಂದೆ ನಾನೇ. "ಲಗೂ ಹೇಳು."