ಲೀಡರ್ ಒಡೆಯದ ಕಾಯಿ

ಐದನೇ ಕ್ಲಾಸಿನಲ್ಲಿ ನನ್ನನ್ನು ಲೀಡರ್ ಮಾಡಿದ ದಿನ ಕುಣಿಯಬೇಕಾದವಳು ಹೆದರಿ ಮುದ್ದೆಯಾದೆ. ಎಪ್ಪತ್ತರ ದಶಕದ ಕೊನೆ, ಯಲಹಂಕದ ಸರ್ಕಾರಿ ಶಾಲೆ. ಪ್ರತಿ ಶುಕ್ರವಾರ ಸರಸ್ವತಿ ಪೂಜೆಗೆ ಕಾಯಿ ಒಡೆದು ಮಂಗಳಾರತಿ ಎತ್ತುವುದು ಲೀಡರ್ ಕೆಲಸ. ನಾವೋ ಕ್ರಿಶ್ಚಿಯನ್ನರು. ನನ್ನ ಹೆಸರು ಎಲ್ಲರ ಹೆಸರಿನಂತೆಯೇ ಇದ್ದದ್ದರಿಂದ ಅದು ಯಾರಿಗೂ ಗೊತ್ತಿರಲಿಲ್ಲ. ಪ್ರಸಾದ ಹಂಚುವಾಗ ನೀರು ಕುಡಿಯುವ ನೆಪದಲ್ಲಿ ಜಾರಿಕೊಳ್ಳುತ್ತಿದ್ದೆ.

"ಹೇಳ್ಬಿಡು. ಯೇಸು ಹೆಸರು ಹೇಳೋಕೆ ನಾಚ್ಕೆ ಯಾಕೆ? ಪ್ರಸಾದ ಮಾತ್ರ ಮುಟ್ಬೇಡ," ಅಂದಳು ಅಮ್ಮ.

ಹೇಳಿಬಿಡಬೇಕಂತೆ! ಬೆಕ್ಕಿಗೆ ಗಂಟೆ ಕಟ್ಟಬೇಕಾದವಳು ನಾನು ತಾನೇ?

ಟೀಚರ್ ಬೈದರೆ ಬೈಯಲಿ. ನನ್ನ ಭಯವೆಲ್ಲ ಪಕ್ಕದಲ್ಲಿ ಕೂರುವವಳದು. ಅವಳಪ್ಪನಿಗೆ ಇಲ್ಲಿ ಕಾರ್ಖಾನೆ ಕೆಲಸ ಸಿಕ್ಕಿ, ಆ ವರ್ಷವಷ್ಟೇ ಧಾರವಾಡದಿಂದ ಪಕ್ಕದ ಅಟ್ಟೂರಿಗೆ ಬಂದಿದ್ದರು. ಅವಳ ಆ ಕಡೆಯ ಮಾತಿಗೆ ಕ್ಲಾಸೆಲ್ಲ ನಗುತ್ತಿತ್ತು. ಅವಳಿಗೆ ನಾನೊಬ್ಬಳೇ ಗೆಳತಿ, ನನಗೂ ಅವಳೊಬ್ಬಳೇ. ವಿಷಯ ಗೊತ್ತಾದರೆ ಬೇರೆ ಬೆಂಚಿಗೆ ಹೋಗಿಬಿಡುತ್ತಾಳೆ ಅಂತ ಗುರುವಾರವಿಡೀ ನನಗೆ ಊಟ ಸೇರಲಿಲ್ಲ.

ಶುಕ್ರವಾರ ಟೀಚರ್ ಕಾಯಿಯನ್ನು ನನ್ನ ಕೈಗಿಟ್ಟರು.

"ಟೀಚರ್, ನಾವು ಯೇಸುನ ನಂಬೋರು. ನಾನು ಕಾಯಿ ಒಡ್ಯಲ್ಲ."

ಅಷ್ಟು ಹೇಳುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

"ಅಯ್ಯೋ ಪೆದ್ದಿ, ಮೊದ್ಲೇ ಹೇಳೋದಲ್ವಾ?" ಅಂದ ಟೀಚರ್ ಕಾಯಿಯನ್ನು ನನ್ನ ಗೆಳತಿಗೆ ಕೊಟ್ಟರು. "ಪೂಜೆ ಇವ್ಳು ಮಾಡ್ಲಿ. ಲೀಡರ್ ನೀನೇ. ನಿಮ್ಮ ಪ್ರಾರ್ಥನೆ ಏನಿದ್ಯೋ ಅದನ್ನ ನೀನು ಹೇಳು."

ಇದನ್ನು ನಾನು ಎಣಿಸಿಯೇ ಇರಲಿಲ್ಲ. ಮನೆಯಲ್ಲಿ ದಿನಾ ಹೇಳುವ ಪ್ರಾರ್ಥನೆ ಅರ್ಧಕ್ಕೇ ಮರೆತುಹೋಯಿತು. "ಯೇಸಪ್ಪಾ, ಪರೀಕ್ಷೇಲಿ ಎಲ್ಲಾರ್ನೂ ಪಾಸ್ ಮಾಡು, ಆಮೆನ್" ಎಂದು ಮುಗಿಸಿದೆ. ಪಾಸಿನ ಮಾತು ಕೇಳಿದ್ದೇ ಎಲ್ಲರೂ "ಆಮೆನ್" ಎಂದು ಕೂಗಿದರು. ಕಣ್ಣು ಬಿಟ್ಟರೆ ಮುಂದಿನ ಬೆಂಚಿನವರು ಆಗಲೇ ಬಲಗೈ ಚಾಚಿದ್ದರು.

"ನಿಮ್ ಪ್ರಸಾದ ಎಲ್ಲೇ?"

"ನಮ್ಮಲ್ಲಿ ಇಲ್ಲ ಕಣ್ರೇ."

"ಬರೀ ಕೈಯಾ!" ಅಂತ ನಕ್ಕರು. ನಾನೂ ನಕ್ಕೆ. ಸದ್ಯ, ಬದುಕಿದೆ ಅನ್ನಿಸಿತು.

ಗೆಳತಿ ಕಾಯಿ ಒಡೆದು, ಆರತಿ ಎತ್ತಿ, ಚೂರು ಹಂಚುತ್ತಾ ಬಂದಳು. ನನಗೆಂದೇ ದೊಡ್ಡದೊಂದು ಆರಿಸಿಟ್ಟಿದ್ದಳು.

"ಬೇಡ ಕಣೇ. ನಾವು ತಿನ್ನಲ್ಲ."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ. "ನಿನ್ನ ಪ್ರಾರ್ಥನಾಕ ನಾ ಕೈ ಮುಗದೆ. ಕಣ್ಣೂ ಮುಚ್ಚಿದ್ದೆ. ನಾ ಕೊಟ್ಟಿದ್ದು ನೀ ಯಾಕ ತಿನ್ನಂಗಿಲ್ಲ?"

ಅಮ್ಮ ಬೇಡ ಅಂದಿದ್ದಾಳೆ ಅಂದೆ. ಅವಳು ಆ ಚೂರನ್ನು ತಟ್ಟೆಗೆ ಹಾಕಿಕೊಂಡು ಮುಂದೆ ಹೋದಳು.

ಸಂಜೆ ಅಮ್ಮ ನಡೆದದ್ದೆಲ್ಲ ಕೇಳಿ ತಬ್ಬಿಕೊಂಡಳು. "ನನ್ ಬಂಗಾರ, ಎಲ್ಲಾರೆದುರು ಯೇಸುಗೆ ಸಾಕ್ಷಿ ಹೇಳ್ಬಂದ್ಯಲ್ಲೇ!" ನಾನು ಬಿಕ್ಕಿ ಬಿಕ್ಕಿ ಅತ್ತೆ. ಸಂತೋಷಕ್ಕೆ ಅಳುತ್ತಿದ್ದೇನೆ ಅಂದುಕೊಂಡಳು.

ಶನಿವಾರ ಬೆಳಗಿನ ಶಾಲೆ. ನಾನು ಹೋಗುವಷ್ಟರಲ್ಲಿ ಗೆಳತಿ ಬೇರೆ ಬೆಂಚಿನಲ್ಲಿ ಕೂತಿದ್ದಳು.