ಹೆಸರೊಂದು ಬಿಟ್ಟು ಮಿಕ್ಕ ವಿವರ

ಚಳ್ಳಕೆರೆಯಲ್ಲಿ ಟೈಪಿಂಗ್ ಕಲಿಸುವ ಕಸುಬಿನಲ್ಲಿ ಇಪ್ಪತ್ತಾರು ವರ್ಷ ಸವೆಸಿದವನು ನಾನು. ಅದರಲ್ಲಿ ಹದಿನಾಲ್ಕು ವರ್ಷ ಕುಡಿತವನ್ನೂ ಅಷ್ಟೇ ನಿಷ್ಠೆಯಿಂದ ನಡೆಸಿದೆ. ಬೆಳಗಿನ ಬ್ಯಾಚಿನಲ್ಲಿ ನನ್ನ ಕೈ ನಡುಗಿದರೆ ಮಿಷಿನ್ನಿನ ಸ್ಪ್ರಿಂಗ್ ಸಡಿಲವಾಗಿದೆ ಎನ್ನುತ್ತಿದ್ದೆ. ವಿದ್ಯಾರ್ಥಿಗಳು ನಂಬಿದಂತೆ ತಲೆಯಾಡಿಸುತ್ತಿದ್ದರು. ಗುರುಭಕ್ತಿಯ ಪರಮಾವಧಿ ಅದು.

ಟೈಪಿಂಗ್ ಜೊತೆಗೆ ಅರ್ಜಿ ಬರೆದುಕೊಡುವುದೂ ಇತ್ತು. ಅರ್ಜಿಗೊಂದು ಶಾಸ್ತ್ರವಿದೆ: ಹೆಸರು, ವಯಸ್ಸು, ಕಸುಬು, ವಾಸ, ಗುರುತು. ಇವಿಷ್ಟೂ ಇಲ್ಲದ ಕಾಗದವನ್ನು ಯಾವ ಗುಮಾಸ್ತನೂ ಕಣ್ಣೆತ್ತಿ ನೋಡುವುದಿಲ್ಲ. ಈ ಶಾಸ್ತ್ರ ನನ್ನ ಬೆರಳುಗಳಿಗೆ ಎಷ್ಟು ಹತ್ತಿತ್ತೆಂದರೆ, ಹೆಂಡತಿಗೆ ಕಾಗದ ಬರೆದರೂ ಕೊನೆಗೆ ‘ತಮ್ಮ ವಿಧೇಯ’ ಎಂದು ಬೀಳುತ್ತಿತ್ತು.

ಹೊಸ ಶತಮಾನಕ್ಕೆ ನಾಲ್ಕೈದು ವರ್ಷ ತುಂಬುವ ಹೊತ್ತಿಗೆ ಒಂದು ಮದ್ಯವರ್ಜನ ಶಿಬಿರದಲ್ಲಿ ಹತ್ತು ದಿನ ಕೂತು ಕುಡಿತ ಬಿಟ್ಟೆ. ಅಲ್ಲಿ ಊಟದ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಮೊಳಕಾಲ್ಮುರಿನ ಒಬ್ಬ ನೇಕಾರ. ಎಡಗಿವಿ ಕೇಳಿಸದು; ಆದ್ದರಿಂದ ಯಾವಾಗಲೂ ನನ್ನ ಎಡಕ್ಕೇ ಬಂದು ಕೂರುತ್ತಿದ್ದ. ಶಿಬಿರ ಮುಗಿದ ಮೇಲೂ ತಿಂಗಳಿಗೆರಡು ಸಲ ಬಸ್ಸು ಹತ್ತಿ ನನ್ನಲ್ಲಿಗೆ ಬರುತ್ತಿದ್ದ. “ಕುಡ್ದಿಲ್ರೀ ಮೇಷ್ಟ್ರೇ” ಎನ್ನುತ್ತಿದ್ದ. “ನಾನೂ ಇಲ್ಲಪ್ಪ” ಎನ್ನುತ್ತಿದ್ದೆ. ನಮ್ಮ ಸಭೆಯ ನಡಾವಳಿ ಇಷ್ಟೇ.

ಅದೇ ದಿನಗಳಲ್ಲಿ ಇಂಟರ್ನೆಟ್ಟಿನಲ್ಲಿ ಕುಡಿತ ಬಿಟ್ಟವರ ಒಂದು ಗುಂಪನ್ನು ಸೇರಿದ್ದೆ. ದಾರಿ ತೋರಿಸಿದವಳು ನನ್ನ ಹಳೆಯ ಶಿಷ್ಯೆ. ಎಣ್ಣೆ ಮಿಲ್ಲಿನ ರಸ್ತೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದಳು. ಯಾವ್ಯಾವುದೋ ಊರಿನ ಜನ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಸ್ವಂತ ಹೆಸರು ಕೂಡದು ಎಂದಿದ್ದರಿಂದ ‘ಮಾಜಿ’ ಎಂಬ ಗೌರವಾನ್ವಿತ ಹೆಸರನ್ನು ಇಟ್ಟುಕೊಂಡೆ. ನಿಯಮಗಳು ಒಂದು ಪುಟವಿದ್ದವು. ಮೊದಲ ಸಾಲು: ಯಾರ ಹೆಸರನ್ನೂ ಬರೆಯಬೇಡಿ. ಒಪ್ಪಿದೆ. ಮುಂದಿನ ಸಾಲುಗಳನ್ನು ಓದಲಿಲ್ಲ. ಟೈಪಿಸ್ಟನ ಕಣ್ಣು ಅಕ್ಷರ ನೋಡುತ್ತದೆ, ಅರ್ಥ ನೋಡುವ ಅಭ್ಯಾಸ ಅದಕ್ಕಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೇಕಾರನ ಹೆಂಡತಿ ಫೋನ್ ಮಾಡಿದಳು.

“ಅಣ್ಣಾ, ಮೂರು ದಿನದಿಂದ ಮತ್ತೆ ಕುಡಿಯಾಕೆ ಶುರು ಹಚ್ಕಂಡೈತೆ. ಒಂದ್ಸಲ ಬರ್ರಿ.”

ಹೋದೆ. ಅವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮುಂದೆ, ಸಾವುಕಾರರು ಕೂಲಿ ನೇಯ್ಗೆಗೆ ಕೊಟ್ಟ ರೇಷ್ಮೆ ಎಳೆಗಳ ಹಾಸಿನಲ್ಲಿ, ಅರ್ಧ ನೇಯ್ದ ಗಿಳಿಹಸಿರು ಸೀರೆ. ಕೈ ಲಾಳಿಯ ಮೇಲಿತ್ತು, ಆದರೆ ಅದನ್ನು ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ.

“ಮೇಷ್ಟ್ರೇ, ಯಾರ್ಗೂ ಹೇಳ್ಬ್ಯಾಡ್ರಿ. ಸಾವ್ಕಾರ್ರಿಗೆ ಗೊತ್ತಾದ್ರೆ ಹಾಸು ಕಿತ್ಕಂಡು ಹೋಗ್ತಾರೆ. ಕುಡುಕನ ಕೈಗೆ ರೇಷ್ಮೆ ಯಾರ್ ಕೊಡ್ತಾರೆ? ಮಗ್ಗ ಹೋದ್ರೆ ನಾನು ಉಳಿಯಲ್ರೀ.”

ಯಾರಿಗೂ ಹೇಳುವುದಿಲ್ಲ ಎಂದೆ. ಚಳ್ಳಕೆರೆಯ ಬಸ್ಸು ಹತ್ತಿದೆ. ಇವನು ಬಿದ್ದರೆ ಮುಂದಿನ ಸರದಿ ನನ್ನದೇ ಎಂಬ ಭಯ. ನೇರ ಸೈಬರ್‌ಗೆ ಹೋಗಿ ಕೂತೆ. ಗುಂಪು ‘ಯಾರಿಗೂ’ ಎಂಬುದರಲ್ಲಿ ಸೇರುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಬರೆದೆ: ಮೊಳಕಾಲ್ಮುರು ವಾಸಿ, ವಯಸ್ಸು ನಲವತ್ತೊಂದು, ಕಸುಬು ನೇಯ್ಗೆ, ಎಡಗಿವಿ ಮಂದ, ಮನೆ ನೀರಿನ ಟ್ಯಾಂಕಿನ ಹಿಂದೆ, ಸದರಿಯವರ ಮಗ್ಗದ ಮೇಲೆ ಪ್ರಸ್ತುತ ಗಿಳಿಹಸಿರು ಬಣ್ಣದ, ಮಾವಿನಕಾಯಿ ಸೆರಗಿನ ಸೀರೆ, ಸದರಿಯವರು ಮೂರು ದಿನದಿಂದ ಪುನಃ ಕುಡಿಯುತ್ತಿದ್ದಾರೆ, ದಯಮಾಡಿ ದಾರಿ ತೋರಿಸುವುದು. ಹೆಸರನ್ನು ಮಾತ್ರ ಬರೆಯಲಿಲ್ಲ. ನಿಯಮ ಪಾಲಿಸಿದ ಸಮಾಧಾನದಿಂದ ಕಳಿಸಿದೆ.

ಒಳ್ಳೆಯ ಉತ್ತರಗಳು ಬಂದವು. ಬೈಯಬೇಡಿ, ಬಿಟ್ಟಿರಬೇಡಿ, ಪಕ್ಕದಲ್ಲಿ ಕೂತಿರಿ ಎಂದರು. ಹಾಗೇ ಮಾಡಿದೆ. ನಾಲ್ಕನೆಯ ದಿನಕ್ಕೆ ಅವನು ನಿಲ್ಲಿಸಿದ. ಲಾಳಿ ಓಡತೊಡಗಿತು. ಇದು ನನ್ನ ಬೆರಳುಗಳ ಸಾಧನೆ ಎಂದು ಸ್ವಲ್ಪ ಬೀಗಿದ್ದೂ ಉಂಟು.

ವಾರ ಕಳೆದು ಅವನು ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲೊಂದು ಮಡಿಸಿದ ಹಾಳೆ.

“ಸಾವ್ಕಾರ್ರು ಕೊಟ್ರು. ಓದ್ಕಂಡು ನಾಳೆ ಬಾ ಅಂದ್ರು. ನನಗೆ ಇಂಗ್ಲೀಷು ಬರ್ತೈತಾ? ನೀವೇ ಓದ್ರಿ.”

ಬಿಡಿಸಿದೆ. ನನ್ನದೇ ಬರಹ. ಅದರ ತಲೆಯಲ್ಲಿದ್ದ ಸಾಲು ನೋಡಿದರೆ, ಗುಂಪಿನಲ್ಲಿದ್ದ ಮೊಳಕಾಲ್ಮುರು ಮೂಲದವರು ಯಾರೋ ‘ಇವರು ನಮ್ಮವರಲ್ಲವೆ, ವಿಚಾರಿಸಿ’ ಎಂದು ಮರುಕದಿಂದಲೇ ಊರಿನ ನೆಂಟರಿಗೆ ಕಳಿಸಿದ್ದರು. ನೆಂಟರ ಕೈಯಿಂದ ಅದು ಸಾವುಕಾರರ ಕೈಗೆ ಹೋಗಿತ್ತು. ಗಿಳಿಹಸಿರು ರೇಷ್ಮೆಯನ್ನು ಯಾವ ಮಗ್ಗಕ್ಕೆ ಕೊಟ್ಟಿದ್ದೇನೆಂದು ಸಾವುಕಾರರು ಯೋಚಿಸಬೇಕಾಗಿರಲಿಲ್ಲ.

ಅವನು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೂತ. ಹತ್ತೇ ಸಾಲು. ನಿಮಿಷಕ್ಕೆ ಅರವತ್ತು ಪದ ಹೊಡೆಯುವವನು ಒಂದೊಂದು ಪದಕ್ಕೂ ನಿಮಿಷ ತೆಗೆದುಕೊಂಡೆ. ಓದಿ ಮುಗಿಸಿ, “ಇದನ್ನ ಬರೆದವನು ನಾನೇ ಕಣಪ್ಪ” ಎಂದೆ.

ಅವನು ಹಾಳೆಯನ್ನು ತೆಗೆದುಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದ.

“ಹೆಸರು ಹಾಕಿಲ್ವಾ?”

“ಇಲ್ಲ. ಹೆಸರು ಹಾಕಬಾರದು ಅಂತ ನಿಯಮ.”

“ಹೆಸರು ಒಂದೇ ಹಾಕಿದ್ರೆ ಬೇಸಿತ್ತಲ್ರೀ ಮೇಷ್ಟ್ರೇ! ನನ್ನ ಹೆಸ್ರಿನೋರು ನಮ್ ಬೀದ್ಯಾಗೇ ಏಳು ಜನ ಅದಾರೆ. ಯಾರೋ ಅಂತಿದ್ರು. ಆ ಕಿವಿ, ಆ ಸೀರೆ, ಆ ಟ್ಯಾಂಕು, ಇದು ನಾನೊಬ್ನೇ ಅಲ್ವೇನ್ರೀ?”

ಇಬ್ಬರೂ ಸೈಬರ್‌ಗೆ ಓಡಿದೆವು. ಅಳಿಸಲು ಬರುತ್ತದೆಯೇ ಎಂದು ಶಿಷ್ಯೆಯನ್ನು ಕೇಳಿದೆ.

“ಗುಂಪಿನಾಗೆ ಅಳಿಸಬಹುದು ಸರ್. ಆದ್ರೆ ಆಗಲೇ ಎಲ್ರ ಮೇಲ್‌ಗೂ ಹೋಗಿಬಿಟ್ಟೈತೆ. ಅದು ವಾಪಸ್ ಬರಲ್ಲ.” ಆಮೇಲೆ ಮೆಲ್ಲಗೆ ಕೇಳಿದಳು: “ನಿಯಮ ಓದ್ಲಿಲ್ವಾ ಸರ್? ಎರಡ್ನೇದೇ ಐತೆ ನೋಡ್ರಿ. ನಿಮ್ಮ ಕಥೆ ಮಾತ್ರ ಬರೀರಿ, ಬೇರೆಯೋರದು ಬ್ಯಾಡ ಅಂತ.”

ತಪ್ಪು ಟೈಪಿಸಿದ ಪುಟವನ್ನು ಹರಿದು ಕೈಗೆ ಕೊಡುತ್ತಿದ್ದ ಗುರುವಿಗೆ ಶಿಷ್ಯೆ ಅಂದು ಹಳೆಯ ಬಾಕಿ ತೀರಿಸಿದಳು.

ಮರುದಿನ ಅವನ ಜೊತೆ ನಾನೂ ಸಾವುಕಾರರ ಮನೆಗೆ ಹೋದೆ. ಜಮಖಾನದ ಮೇಲೆ ಕೂರಿಸಿ ಕಾಫಿ ಕೊಟ್ಟರು. ಕೆಟ್ಟ ಮನುಷ್ಯರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಇದನ್ನ ಬರೆದವನು ನಾನು. ನಾನೂ ಕುಡಿಯುತ್ತಿದ್ದವನೇ,” ಎಂದು ಘನಗಂಭೀರವಾಗಿ ನಿವೇದಿಸಿಕೊಂಡೆ.

“ಅದು ಚಳ್ಳಕೆರೆ ಬಸ್‌ಸ್ಟ್ಯಾಂಡಿಗೇ ಗೊತ್ತೈತೆ ಬಿಡ್ರಿ ಮೇಷ್ಟ್ರೇ,” ಎಂದರು ಸಾವುಕಾರರು. ನಾನು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಒಂದು ಗುಟುಕು ಕಾಫಿಯೊಳಗೆ ಮುಗಿಯಿತು. “ನನಗೆ ಬೇಕಾಗಿರೋದು ಒಂದೇ ಮಾತು. ಇವನು ಕುಡ್ದಿದ್ದು ಸುಳ್ಳು, ಏನೋ ಕತೆ ಕಟ್ಟಿ ಬರ್ದೆ ಅಂತ ಹೇಳ್ರಿ. ಹಾಸು ಅಲ್ಲೇ ಇರ್ಲಿ.”

ಸುಳ್ಳು ಹೇಳಲು ಬಾಯಿ ತೆರೆದೆ. ಕುಡಿತದ ಕಾಲದಲ್ಲಿ ದಿನಕ್ಕೆ ಹತ್ತು ಹೇಳಿದವನಿಗೆ ಅದೇನು ಭಾರವೇ? ಮಾತು ಹೊರಡುವ ಮೊದಲೇ ಪಕ್ಕದಿಂದ ಅವನ ದನಿ ಬಂತು.

“ಸುಳ್ಳಲ್ರೀ. ಕುಡ್ದಿದ್ದೆ. ಈಗ ಎಂಟು ದಿನ ಆತು, ಬಿಟ್ಟೀನಿ.”

ಸಾವುಕಾರರು ಲೋಟ ಕೆಳಗಿಟ್ಟರು. “ಹನ್ನೊಂದು ತಿಂಗಳು ಬಿಟ್ಟೋನೇ ಮತ್ತೆ ಹಿಡಿದಿಯಲ್ಲೋ. ಎಂಟು ದಿನಾನ ಹೆಂಗಪ್ಪ ನಂಬಲಿ?”

ಮಧ್ಯಾಹ್ನಕ್ಕೆ ಇಬ್ಬರು ಬಂದು ಸೀರೆಯನ್ನು ಹಾಸಿನ ಸಮೇತ ಸುತ್ತಿಕೊಂಡು ಹೋದರು. ಬೇರೆ ಮಗ್ಗದಲ್ಲಿ ಬೇರೆ ಕೈ ಅದನ್ನು ಮುಗಿಸುತ್ತದೆ. ಅವನ ಹೆಂಡತಿ ನನ್ನ ಕಡೆ ತಿರುಗಿ ಏನೋ ಹೇಳಹೊರಟಳು. ಅವನು ತೆಲುಗಿನಲ್ಲಿ “ಊರುಕೋ” ಎಂದು ಸುಮ್ಮನಾಗಿಸಿದ. ಅವಳು ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನಾವಿಬ್ಬರೂ ಸಾಯಂಕಾಲದ ಬಸ್ಸಿನವರೆಗೆ ಕೂತೆವು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅಂಗಡಿಯೊಂದಿತ್ತು, ಎಂಥ ಅಂಗಡಿ ಎಂದು ಹೇಳಬೇಕಿಲ್ಲ. ಅಂದು ಅದನ್ನು ದಾಟುವಾಗ ನನ್ನ ಜೊತೆ ಯಾರಾದರೂ ಇರಬೇಕಿತ್ತು. ಅವನೇ ಇದ್ದ. ಬಸ್ಸು ಹತ್ತಿಸಲು ಬಂದಿದ್ದ.

“ಇವತ್ತು ಒಬ್ಬ ಕುಡೀಲಿಲ್ಲ ಅಂತ ಬರೀರಿ ಅಲ್ಲಿ. ಅಷ್ಟೇ ಬರೀರಿ.”

ಚಳ್ಳಕೆರೆಯಲ್ಲಿ ಇಳಿದು ಟೈಪ್ ಮಾಡಿದೆ. ಕಳಿಸಲಿಲ್ಲ. ಬಸ್ಸು ಹೊರಟ ಮೇಲೆ ಅವನು ಅದೇ ಅಂಗಡಿಯನ್ನು ಒಬ್ಬನೇ ದಾಟಿ ಹೋಗಬೇಕಿತ್ತು. ನಾನು ಟೈಪ್ ಮಾಡುವಷ್ಟರಲ್ಲಿ ಆ ಸಾಲು ಸುಳ್ಳಾಗಿರಬಹುದಿತ್ತು. ಮರುದಿನ ಮೊದಲ ಬಸ್ಸಿಗೆ ಹೋದೆ. ಕುಡಿದಿರಲಿಲ್ಲ. “ಬರೀಲೇನಪ್ಪ?” ಎಂದು ಕೇಳಿದೆ. “ಬರೀರಿ” ಎಂದ. ಬಂದು ಬರೆದೆ: ನಿನ್ನೆ ಒಬ್ಬರು ಕುಡಿಯಲಿಲ್ಲ. ಊರಿಲ್ಲ, ಕಸುಬಿಲ್ಲ, ಕಿವಿಯಿಲ್ಲ. ನನ್ನ ಜೀವಮಾನದಲ್ಲಿ ಬರೆದ ಅತ್ಯಂತ ಅಪೂರ್ಣ ಅರ್ಜಿ.

ಬೆಳಗಿನ ಬ್ಯಾಚಿಗೆ ಆಗ ಯಾರೂ ಬರುತ್ತಿರಲಿಲ್ಲ, ಆದ್ದರಿಂದ ದಿನಾ ಹೋಗಿಬಂದೆ. ದಿನಾ ಕೇಳಿದೆ, ದಿನಾ ಬರೆದೆ. ಗುಂಪಿನವರು ಆ ಒಂದು ಸಾಲಿಗೆ ಕಾಯತೊಡಗಿದರು. ಅವನು ಸಿಕ್ಕ ಕೂಲಿಗೆ ಹೋಗುತ್ತಿದ್ದ. ಕಲ್ಲು ಹೊತ್ತು ಬೆರಳು ಒರಟಾಗುತ್ತಿವೆ, ಇನ್ನು ರೇಷ್ಮೆ ಎಳೆ ಮುಟ್ಟಿದರೆ ತೊಡರುತ್ತದೆ ಎನ್ನುತ್ತಿದ್ದ. ಹೀಗೆ ಹತ್ತೊಂಬತ್ತು ಸಾಲು ಬರೆದೆ.

ಇಪ್ಪತ್ತನೆಯ ಬೆಳಿಗ್ಗೆ ಹೋದಾಗ ಅವನು ಕೂಲಿಗೆ ಹೋಗದೆ ಮನೆಯಲ್ಲೇ ಇದ್ದ. ನಾನು ಏನನ್ನೂ ಕೇಳಲಿಲ್ಲ, ಅವನೂ ಬರೀರಿ ಎನ್ನಲಿಲ್ಲ. ಖಾಲಿ ಮಗ್ಗದ ಗುಂಡಿಯಲ್ಲಿ ಕೂತು ನನ್ನ ಎಡಕ್ಕೆ ಜಾಗ ಮಾಡಿಕೊಟ್ಟೆ. ಬಂದು ಕೂತ.

ಅಂದು ಗುಂಪಿಗೆ ಏನನ್ನೂ ಕಳಿಸಲಿಲ್ಲ. ಎರಡು ದಿನ ಬಿಟ್ಟು ಒಬ್ಬರು ಕೇಳಿದರು: ‘ಮಾಜಿಯವರೇ, ಆ ಒಬ್ಬರು ಹೇಗಿದ್ದಾರೆ?’ ನಿಯಮದ ಎರಡನೆಯ ಸಾಲನ್ನು ಈಗ ಓದಿದ್ದೆ; ಅದಕ್ಕೆ ಉತ್ತರ ಬರೆಯಲಿಲ್ಲ. ‘ನಾನು ಕುಡಿದಿಲ್ಲ’ ಎಂದಷ್ಟೇ ಬರೆದು ಮೊಳಕಾಲ್ಮುರಿನ ಬಸ್ಸಿಗೆ ಎದ್ದೆ.