ಆಟಿಕ್‌ನಲ್ಲಿ ಕೂಗಿದ ಹೆಸರು

ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟೆ... ಕಾರ್ಪೆಟ್ ತುಂಬಾ ನೀರು!

ಹ್ಯೂಸ್ಟನ್‌ನಲ್ಲಿ ಎಂ.ಎಸ್. ಮಾಡ್ತಿದ್ದ ಕಾಲ, 2000ದ ಆಚೀಚೆ. ಮಿರಿಯಮ್ ಅನ್ನೋ ಯಹೂದಿ ವಿಧವೆಯ ಮನೇಲಿ ಒಂದು ರೂಮಲ್ಲಿ ಬಾಡಿಗೆಗಿದ್ದೆ. ಎಂಬತ್ತರ ಹತ್ತಿರ ವಯಸ್ಸು. "ಆಂಟಿ" ಅಂದ್ರೆ ನಗೋರು, ಬೇಡ ಅಂತಿರಲಿಲ್ಲ.

ರಾತ್ರಿಯಿಂದ ಮಳೆ ಬಿಟ್ಟೇ ಇರಲಿಲ್ಲ. ಮನೆ ಹಿಂದಿನ ಕಾಲುವೆ ಉಕ್ಕಿ ರಸ್ತೆಗೆ ಬಂದಿತ್ತು. ನನ್ನ ಹಳೇ ಕಾರು ತೇಲ್ತಾ ಪಕ್ಕದ ಮನೆ ಬೇಲಿಗೆ ಗುದ್ದುತ್ತಾ ಇದೆ. ಕರೆಂಟ್ ಇಲ್ಲ, ಫೋನ್ ಡೆಡ್.

ನೋಡ್ತಾ ನೋಡ್ತಾ ನೀರು ಮೊಣಕಾಲಿಗೆ ಬಂತು. ಛಾವಣಿ ಕೆಳಗಿನ ಅಟ್ಟಕ್ಕೆ ಹತ್ತೋ ಮಡಚೋ ಏಣಿಯನ್ನ ಸೀಲಿಂಗ್‌ನಿಂದ ಎಳೆದು, "ಆಂಟಿ, ಆಟಿಕ್‌ಗೆ ಹತ್ತಿ, ಬೇಗ!" ಅಂದೆ.

ಆಕೆ ಮಾತ್ರ ಗಂಡನ ಕಪಾಟಿನ ಮುಂದೆ ನಿಂತುಬಿಟ್ಟಿದ್ದರು. ಹೀಬ್ರೂ ಪ್ರಾರ್ಥನೆ ಪುಸ್ತಕಗಳನ್ನ ಎದೆಗವಚಿಕೊಳ್ತಾ ಇದ್ದಾರೆ.

"ಅದನ್ನೆಲ್ಲ ಆಮೇಲೆ ಒಣಗಿಸೋಣ, ಬನ್ನಿ!"

"ಇದರಲ್ಲಿ ದೇವರ ಹೆಸರಿದೆ. ನೀರಿಗೆ ಬಿಟ್ಟು ನಾನು ಬರಲ್ಲ."

ವಾದ ಮಾಡೋಕೆ ಟೈಮೆಲ್ಲಿ? ದಿಂಬಿನ ಕವರ್‌ಗೆ ಪುಸ್ತಕ ತುಂಬಿ ಮೊದಲು ಅದನ್ನ, ಆಮೇಲೆ ಆಕೆಯನ್ನ ಮೇಲೆ ತಳ್ಳಿದೆ.

ಮೇಲೆ ಕತ್ತಲೆ, ಉಸಿರುಗಟ್ಟೋ ಸೆಕೆ. ಅಲ್ಲಿಂದ ಹೊರಗೆ ಹೋಗೋಕೆ ಒಂದು ಕಿಂಡೀನೂ ಇಲ್ಲ ಅಂತ ಹತ್ತಿದ ಮೇಲೇ ಹೊಳೆದಿದ್ದು.

ಕೆಳಗೆ ಫ್ರಿಜ್ ಉರುಳಿದ ಸದ್ದು. ಏಣಿಯ ಇನ್ನೊಂದು ಮೆಟ್ಟಿಲು ಮುಳುಗಿತು... ಮತ್ತೊಂದು...

ನಾನು ಮೈಸೂರಿನ ಕ್ರಿಶ್ಚಿಯನ್ ಮನೆಯವಳು. ಅಜ್ಜಿ ದೇವರನ್ನ ಕರೀತಿದ್ದ ಹಾಗೇ ಬಾಯಿಗೆ ಬಂತು. "ಯೆಹೋವನೇ, ಕಾಪಾಡು! ಯೆಹೋವನೇ..." ಅಂತ ಕೂಗಿಬಿಟ್ಟೆ.

ಆಂಟಿಗೆ ಕನ್ನಡ ಬರಲ್ಲ. ಆದ್ರೆ ಆ ಒಂದು ಪದ ತಿಳೀತು.

ಥಟ್ಟನೆ ನನ್ನ ಬಾಯಿ ಮುಚ್ಚಿದರು.

"ಬೇಡ ಮಗು. ದೇವರ ಆ ಹೆಸರು ಅಷ್ಟು ಪವಿತ್ರ, ನಾವು ಯಹೂದಿಗಳು ಅದನ್ನ ಬಾಯಲ್ಲಿ ಹೇಳಲ್ಲ. ನನ್ನ ಗಂಡ ಸಾಯೋವಾಗಲೂ ಹೇಳಲಿಲ್ಲ."

ಆ ಕ್ಷಣ ನೀರಿಗಿಂತ ಅದಕ್ಕೇ ಹೆದರಿದೆ. ಕರೆಯೋಕೆ ನನಗಿದ್ದ ಒಂದೇ ಹೆಸರೂ ಹೋಯ್ತಲ್ಲ! "ಹಾಗಾದ್ರೆ ಏನಂತ ಕರೀಲಿ?" ಅಂತ ಅತ್ತುಬಿಟ್ಟೆ.

"ಹಾಷೆಮ್ ಅನ್ನು. 'ಆ ಹೆಸರು' ಅಂತ ಅರ್ಥ, ಅಷ್ಟೇ. ಅವನಿಗೆ ಗೊತ್ತಾಗುತ್ತೆ."

ಇಬ್ಬರೂ ಕೈ ಹಿಡ್ಕೊಂಡು ಅದನ್ನೇ ಅಂದ್ವಿ. ಭಯ ಹೋಯ್ತು ಅಂದ್ರೆ ಸುಳ್ಳಾಗುತ್ತೆ. ಆದ್ರೆ ಒಬ್ಬಳೇ ಹೆದರೋದು ತಪ್ಪಿತು.

ಮಧ್ಯಾಹ್ನದ ಹೊತ್ತಿಗೆ ದೋಣಿ ಮೋಟಾರಿನ ಸದ್ದು. ಗಂಟಲು ಹರಿಯೋ ಹಾಗೆ ಕೂಗಿದ್ವಿ. ರಕ್ಷಣೆಗೆ ಬಂದವರೊಬ್ಬರು ಕಿಟಕಿ ಒಡೆದು, ಎದೆಮಟ್ಟದ ನೀರಲ್ಲಿ ಏಣಿ ಹತ್ತಿರ ಬಂದರು.

"ಲಗೇಜ್ ಬಿಟ್ಟು ಬನ್ನಿ" ಅಂದರು.

ಆಂಟಿ ಬಾಯಿ ತೆರೆಯೋ ಮೊದಲೇ ನಾನು "ಇದು ಲಗೇಜ್ ಅಲ್ಲ" ಅಂದು ಪುಸ್ತಕದ ಗಂಟನ್ನ ತಲೆ ಮೇಲಿಟ್ಟುಕೊಂಡೆ.

ಮುಂದಿನ ವಾರ ಆಂಟಿ ಡಲ್ಲಾಸ್‌ಗೆ, ಮಗಳ ಮನೆಗೆ ಶಿಫ್ಟ್ ಆದರು. ಈಗಲೂ ಚರ್ಚ್‌ನಲ್ಲಿ ಆ ಹೆಸರು ಬಂದಾಗ ನನ್ನ ದನಿ ಅದಾಗೇ ತಗ್ಗುತ್ತೆ...

ಜೀವಭಯ ಬಂದಾಗ ನಿಮ್ಮ ಬಾಯಿಂದ ಬರೋದು ಯಾರ ಹೆಸರು?